ಲಗೇಜ್ ಗಾಡಿ ತಾಗಿದ್ದಕ್ಕೇ ವಿಮಾನ ರದ್ದಾ?

ಹಾಸನದಿಂದ ನಡುರಾತ್ರಿ ಟ್ಯಾಕ್ಸಿ ಮಾಡಿಕೊಂಡು ಬೆಂಗಳೂರಿಗೆ ಹೋಗಿ, ಕೊನೆಗೆ "ಲಗೇಜ್ ಬೆಲ್ಟ್ ಗಾಡಿ (ಬೆಲ್ಟ್ ಮೇಲೆ ಬ್ಯಾಗುಗಳನ್ನು ವಿಮಾನದೊಳಗೆ ಏರಿಸುವ ಗಾಡಿ) ತಾಗಿದೆ, ವಿಮಾನ ಹೊರಡಲ್ಲ" ಅಂತ ಕೇಳಿಸಿಕೊಂಡರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ "ಅಂಗೈಯಗಲದ ತಗ್ಗಿಗೆ ಇಷ್ಟು ನಾಟಕ ಬೇಕಾ" ಅಂತ ಕೇಳಿದ್ದೀರಲ್ಲ, ಅದು ನಾಟಕ ಅಲ್ಲ ಸಾರ್.

ವಿಮಾನದ ಹೊರಮೈ ತಗಡು ಬಹಳ ಕಡೆ ಒಂದೆರಡು ಮಿಲಿಮೀಟರ್ ದಪ್ಪ, ಅಷ್ಟೇ. ಮೇಲೇರಿದ ಹಾಗೆ ಒಳಗಿನ ಗಾಳಿ ಅದನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. 2005ರ ಡಿಸೆಂಬರ್ 26ರಂದು ಅಮೆರಿಕದ ಸಿಯಾಟಲ್‌ನಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83 ವಿಮಾನಕ್ಕೆ ಲಗೇಜ್ ಸಾಗಿಸುವ ಗಾಡಿ ಗುದ್ದಿತ್ತು. ಗುದ್ದಿದವರು ಆಗ ಬಾಯಿ ಬಿಡಲಿಲ್ಲ. ಸುಮಾರು 26 ಸಾವಿರ ಅಡಿ ಎತ್ತರದಲ್ಲಿ ಅದೇ ಜಾಗ ಒಡೆದು ಒಂದಡಿ ಉದ್ದದ ತೂತು ಬಿತ್ತು. ಆಮ್ಲಜನಕದ ಮಾಸ್ಕ್‌ಗಳು ಇಳಿದವು. ಪುಣ್ಯಕ್ಕೆ ವಾಪಸ್ ಬಂದು ಸುರಕ್ಷಿತವಾಗಿ ಇಳಿಯಿತು.

ಬೋಯಿಂಗ್ 787 ತರಹದ ಕಾರ್ಬನ್ ಫೈಬರ್ ಮೈ ಆದರೆ ಇನ್ನೂ ತಲೆನೋವು. ಹೊರಗೆ ಗುರುತೇ ಕಾಣದೆ ಒಳಗಿನ ಪದರಗಳು ಒಂದರಿಂದೊಂದು ಬಿಟ್ಟುಕೊಂಡಿರಬಹುದು.

ಎಲ್ಲಾ ಸಲ ಡ್ರೈವರ್ ತಪ್ಪೇ ಅಂತಲೂ ಅಲ್ಲ. ಬ್ಯಾಗು, ಇಂಧನ ತುಂಬಿದ ಹಾಗೆ ವಿಮಾನ ತುಸು ಕೆಳಗೆ ಕೂರುತ್ತದೆ, ಖಾಲಿ ಮಾಡಿದರೆ ಏಳುತ್ತದೆ. ಬಾಗಿಲಿಗೆ ಚೂರೇ ಅಂತರ ಬಿಟ್ಟು ನಿಲ್ಲಿಸಿದ ಬೆಲ್ಟಿನ ಮೂತಿ ಸುಮ್ನೆ ನಿಂತಲ್ಲೇ ತಾಗಬಹುದು.

ತಾಗಿತು ಅಂದಮೇಲೆ ಎಂಜಿನಿಯರ್ ತಗ್ಗಿನ ಆಳ, ಅಗಲ, ಪಕ್ಕದ ರಿವೆಟ್ (ತಗಡು ಜೋಡಿಸುವ ಮೊಳೆ) ಸಾಲಿಗೆ ಎಷ್ಟು ದೂರ ಎಲ್ಲ ಅಳೆಯಬೇಕು. ತಯಾರಕರ ರಿಪೇರಿ ಪುಸ್ತಕದ ಮಿತಿಯೊಳಗಿದ್ದರೆ ಮಾತ್ರ ಹಾರಬಹುದು ಅಂತ ಸಹಿ. ಹೊತ್ತು ಹಿಡಿಯುವುದು ಅದಕ್ಕೇ.

ರದ್ದಾಗಿದ್ದಕ್ಕೆ ಬೇರೆ ವಿಮಾನ ಇಲ್ಲವೇ ಟಿಕೆಟ್ಟಿನ ಹಣ ಕೇಳಿ ಪಡೆಯಿರಿ, ಬಿಡಬೇಡಿ. ಟ್ಯಾಕ್ಸಿ ದುಡ್ಡನ್ನು ಮಾತ್ರ ನಂಬಿಕೊಂಡು ಕೂರಬೇಡಿ.