ಪ್ರತಿ ಕೊಂಡಿಯಲ್ಲೂ ತರಂಗಾಂತರ ಖಾಲಿ, ಆದರೂ ಬೆಳಕಿಗೆ ದಾರಿಯಿಲ್ಲವೇಕೆ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಐದು ನೋಡ್‌ಗಳನ್ನು (ಜಾಲದ ಕೇಂದ್ರಗಳನ್ನು) ಗಾಜಿನೆಳೆಯ ಕೊಂಡಿಗಳಿಂದ ಬಳೆಯಂತೆ ಜೋಡಿಸಿದ ಆಪ್ಟಿಕಲ್ ರಿಂಗ್‌ಗೆ ಸಿಮ್ಯುಲೇಶನ್ ಬರೆದಿದ್ದೇನೆ. ಪ್ರತಿ ನೋಡ್‌ನಿಂದ ಅದರಾಚೆಯ ಎರಡನೇ ನೋಡ್‌ಗೆ ಒಂದೊಂದು ಸಂಪರ್ಕ ಬೇಕು. ಯಾವ ಕೊಂಡಿಯ ಮೇಲೂ ಎರಡಕ್ಕಿಂತ ಹೆಚ್ಚು ಸಂಪರ್ಕ ಹಾಯುವುದಿಲ್ಲ, ಹಾಗಾಗಿ ಎರಡು ತರಂಗಾಂತರ (ಒಂದು ಕೊಂಡಿಯಲ್ಲಿ ಒಂದೊಂದು ಸಂಪರ್ಕವನ್ನು ಒಯ್ಯುವ ಬೆಳಕಿನ ‘ಬಣ್ಣ’) ಕೊಟ್ಟೆ. ಆದರೂ ಐದನೆಯ ಸಂಪರ್ಕ ತಿರಸ್ಕೃತವಾಗುತ್ತದೆ. ಪ್ರೋಗ್ರಾಮ್‌ನಲ್ಲಿ ತಪ್ಪಿದೆಯೇ?

ಉತ್ತರ: ನಿಮ್ಮ ಪ್ರೋಗ್ರಾಮ್ ಸರಿಯಾಗಿದೆ. ಈ ವಿಷಯದ ತಿರುಳೇ ನಿಮಗೆ ಎದುರಾಗಿದೆ.

ನೋಡ್‌ಗಳನ್ನು ಕ, ಚ, ಟ, ತ, ಪ ಎಂದು ಕರೆಯೋಣ. ಎರಡು ತರಂಗಾಂತರಗಳಿಗೆ ಕೆಂಪು, ನೀಲಿ ಎಂಬ ಹೆಸರಿರಲಿ. (ಹೆಸರಷ್ಟೇ, 1550 ನ್ಯಾನೋಮೀಟರ್ ಆಸುಪಾಸಿನ ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ.) ಕ–ಟ ದಾರಿಗೆ ಕೆಂಪು, ಚ–ತ ದಾರಿಗೆ ನೀಲಿ, ಟ–ಪ ದಾರಿಗೆ ಕೆಂಪು, ತ–ಕ ದಾರಿಗೆ ನೀಲಿ ಕೊಟ್ಟಿರಿ. ಉಳಿದದ್ದು ಪ–ಚ, ಅದು ಕ ಮೂಲಕ ಹೋಗಬೇಕು. ಪ–ಕ ಕೊಂಡಿಯಲ್ಲಿ ನೀಲಿ ಆಗಲೇ ಹೋಗಿದೆ, ಕೆಂಪು ಖಾಲಿಯಿದೆ. ಕ–ಚ ಕೊಂಡಿಯಲ್ಲಿ ಕೆಂಪು ಹೋಗಿದೆ, ನೀಲಿ ಖಾಲಿಯಿದೆ. ಎರಡೂ ಕಡೆ ಜಾಗವಿದೆ, ಆದರೆ ಒಂದೇ ಬಣ್ಣದ್ದಲ್ಲ.

ಬಣ್ಣ ಒಂದೇ ಏಕಿರಬೇಕು? ನಡುವಿನ ನೋಡ್‌ನಲ್ಲಿ ಬೆಳಕು ವಿದ್ಯುತ್ ಸಂಕೇತವಾಗದೆ, ಬೆಳಕಾಗಿಯೇ ಮುಂದೆ ಸಾಗುತ್ತದೆ. ಬಣ್ಣ ಬದಲಿಸಬೇಕೆಂದರೆ ಸಾಮಾನ್ಯವಾಗಿ ಅದನ್ನು ಹಿಡಿದು, ವಿದ್ಯುತ್ತಾಗಿಸಿ, ಬೇರೊಂದು ಲೇಸರ್‌ನಿಂದ ಮತ್ತೆ ಹೊರಡಿಸಬೇಕು. ಅದಕ್ಕೆ ದುಡ್ಡೂ ಬೇಕು, ವಿದ್ಯುತ್ತೂ ಬೇಕು. ಆದ್ದರಿಂದ ಹೊರಟ ಬಣ್ಣದಲ್ಲೇ ಊರು ಮುಟ್ಟಬೇಕೆಂಬುದು ನಿಯಮ.

ಈಗ ಕಾಗದದ ಮೇಲೆ ಐದು ಸಂಪರ್ಕಗಳಿಗೆ ಐದು ಚುಕ್ಕೆ ಇಡಿ. ಒಂದೇ ಕೊಂಡಿಯನ್ನು ಹಂಚಿಕೊಳ್ಳುವ ಎರಡೆರಡು ಚುಕ್ಕೆಗಳ ನಡುವೆ ಗೆರೆ ಎಳೆಯಿರಿ. ಐದು ಚುಕ್ಕೆಗಳ ಒಂದು ಬಳೆ ಮೂಡುತ್ತದೆ. ಅಕ್ಕಪಕ್ಕದವು ಬೇರೆ ಬಣ್ಣವಾಗುವಂತೆ ಬೆಸಸಂಖ್ಯೆಯ ಬಳೆಗೆ ಎರಡೇ ಬಣ್ಣ ಹಚ್ಚಲಾಗದು, ಮೂರು ಬೇಕೇ ಬೇಕು. ಕೋರಿಕೆಗಳ ಸರದಿ ಬದಲಿಸಿಯೂ ಪ್ರಯೋಜನವಿಲ್ಲ. ದಾರಿ ಬದಲಿಸಿದರೆ? ಐದು ಕೊಂಡಿ, ಎರಡೆರಡು ಬಣ್ಣ, ಒಟ್ಟು ಹತ್ತು ಜಾಗ. ಐದು ದಾರಿಗಳು ಎರಡೆರಡು ಕೊಂಡಿ ಹಿಡಿದಾಗಲೇ ಹತ್ತೂ ತುಂಬಿವೆ. ಒಂದನ್ನು ಸುತ್ತು ಬಳಸಿ ಕಳಿಸಿದರೂ ಹನ್ನೊಂದನೆಯ ಜಾಗ ಬೇಕಾಗುತ್ತದೆ. ನಿಮ್ಮ ಜಾಲ ಪುಟ್ಟದು, ಬೆರಳಲ್ಲೇ ಎಣಿಸಬಹುದು. ಆದರೆ ಜಾಲದ ಆಕಾರಕ್ಕೆ ಮಿತಿಯಿಲ್ಲದಿದ್ದರೆ ಈ ಬಣ್ಣ ಹಂಚಿಕೆ ಎನ್‌ಪಿ-ಕಂಪ್ಲೀಟ್ (ಜಾಲ ದೊಡ್ಡದಾದಂತೆ ಬೇಗ ಬಿಡಿಸುವ ಸಾರ್ವತ್ರಿಕ ವಿಧಾನ ಗೊತ್ತಿಲ್ಲದ ಸಮಸ್ಯೆ) ಎಂದು ಸಂಶೋಧಕರಾದ ಕ್ಲಾಮ್ಟಾಕ್, ಗಾಂಜ್, ಕಾರ್ಮಿ 1992ರಲ್ಲೇ ತೋರಿಸಿದ್ದಾರೆ.

ಪರಿಹಾರವೆಂದರೆ ಕ ನೋಡ್‌ನಲ್ಲಿ ಮಾತ್ರ ಒಂದು ತರಂಗಾಂತರ ಪರಿವರ್ತಕ ಇಟ್ಟು ನೋಡಿ. ಐದನೆಯ ಸಂಪರ್ಕ ಪ–ಕ ವರೆಗೆ ಕೆಂಪಾಗಿ ಬಂದು, ಅಲ್ಲಿ ನೀಲಿಯಾಗಿ ಚ ಸೇರುತ್ತದೆ. ಎಲ್ಲ ನೋಡ್‌ಗಳಿಗೂ ಪರಿವರ್ತಕ ಹಾಕುವ ಅಗತ್ಯವೇ ಇಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಫಲಿತಾಂಶ ಇದು.

ನಿಜವಾದ ಜಾಲದಲ್ಲಿ ಎರಡೇ ಬಣ್ಣ ಇರುವುದಿಲ್ಲ ಎಂದು ನೀವು ಕೇಳಬಹುದು. ಹೌದು, 50 ಗಿಗಾಹರ್ಟ್ಸ್ ಅಂತರದಲ್ಲಿ ಸಿ-ಬ್ಯಾಂಡ್ (1550 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರಗಳ ಪಟ್ಟಿ) ಒಂದರಲ್ಲೇ ಸುಮಾರು 80ರಿಂದ 96 ತರಂಗಾಂತರ ಹಿಡಿಸುತ್ತವೆ. ಆದರೂ ಸಂಪರ್ಕಗಳು ಬಂದುಹೋಗುತ್ತಾ ಇದ್ದರೆ ಕಾಟ ತಪ್ಪದು, ಅದರಲ್ಲೂ ದೂರದ ಸಂಪರ್ಕಗಳಿಗೆ. ಪ್ರತಿ ಕೊಂಡಿಯಲ್ಲೂ ಅರ್ಧದಷ್ಟು ಬಣ್ಣಗಳು ಬಳಕೆಯಲ್ಲಿವೆ, ಒಂದು ಕೊಂಡಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದುಕೊಳ್ಳಿ. ಒಂದು ನಿರ್ದಿಷ್ಟ ಬಣ್ಣ ಐದು ಕೊಂಡಿಗಳ ಉದ್ದಕ್ಕೂ ಖಾಲಿ ಸಿಗುವ ಸಾಧ್ಯತೆ 32ರಲ್ಲಿ 1 ಮಾತ್ರ.

ಆದ್ದರಿಂದ ಮುಂದಿನ ಹಂತದಲ್ಲಿ ಬಣ್ಣಗಳಿಗೆ ಕ್ರಮಸಂಖ್ಯೆ ಕೊಟ್ಟು, ದಾರಿಯುದ್ದಕ್ಕೂ ಖಾಲಿಯಿರುವ ಮೊದಲನೆಯದನ್ನೇ ಹಿಡಿಯುವ ‘ಫಸ್ಟ್ ಫಿಟ್’ ಕ್ರಮವನ್ನು, ಮನಬಂದಂತೆ ಆರಿಸುವ ಕ್ರಮದೊಂದಿಗೆ ಹೋಲಿಸಿ. ಫಸ್ಟ್ ಫಿಟ್‌ನಲ್ಲಿ ಬಳಕೆ ಕೆಳಗಿನ ಸಂಖ್ಯೆಗಳಲ್ಲೇ ಒತ್ತಾಗಿ ಕೂರುತ್ತದೆ, ಮೇಲಿನವು ದೂರದ ದಾರಿಗಳಿಗೆ ಇಡಿಯಾಗಿ ಉಳಿಯುತ್ತವೆ. ವರದಿಯಲ್ಲಿ ತಿರಸ್ಕೃತ ಕೋರಿಕೆಗಳ ಒಟ್ಟು ಪ್ರಮಾಣವನ್ನಷ್ಟೇ ಕೊಡಬೇಡಿ; ಒಂದು ಕೊಂಡಿಯ ದಾರಿಗೆ ಎಷ್ಟು, ಎರಡು ಕೊಂಡಿಯದಕ್ಕೆ ಎಷ್ಟು ಎಂದು ಬಿಡಿಸಿ ತೋರಿಸಿ.