ಮಾರ್ಚ್–ಏಪ್ರಿಲ್‌ನಲ್ಲಿ ತುಮಕೂರಿನ ಸುತ್ತ ವಲಸೆ ಹಕ್ಕಿಗಳು ಕಾಣಸಿಗುತ್ತವೆಯೇ?

ಸಿಗುತ್ತವೆ, ಆದರೆ ಹೊರಟು ನಿಂತ ನೆಂಟರ ಹಾಗೆ. ಇಂದು ಕಂಡ ಗುಂಪು ನಾಳೆ ಇರುವ ಭರವಸೆಯಿಲ್ಲ. ಯುಗಾದಿಗೆ ಮುಂಚೆ ಹೂಬಿಟ್ಟ ಮುತ್ತುಗದ ಮರದ ಬಳಿ ಬೆಳಿಗ್ಗೆಯೇ ನಿಲ್ಲಿ. ಮಧ್ಯ ಏಷ್ಯಾದ ಕಡೆಗೆ ಮರಳುವ ಗುಲಾಬಿ ಮೈನಾಗಳು ಮಕರಂದಕ್ಕಾಗಿ ಕಿತ್ತಾಡುತ್ತಿರುತ್ತವೆ: ಕಪ್ಪು ತಲೆ, ಕಪ್ಪು ರೆಕ್ಕೆ, ನಡುವೆ ಮಾಸಲು ಗುಲಾಬಿ ಮೈ. ಕೆರೆಯಂಗಳದಲ್ಲಿ ದನಗಳ ಕಾಲ ಬಳಿ ಬಾಲ ಕುಣಿಸುವ ಹಳದಿ ಕುಂಡೆಕುಸ್ಕವನ್ನೂ ನೋಡಬಹುದು.

ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಸೈಬೀರಿಯಾದವು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವು ನಮ್ಮ ದೇಶದವೇ, ಮರಿ ಮಾಡಲು ಇಲ್ಲಿಗೆ ಬರುತ್ತವೆ. ಉರಿಬಿಸಿಲಿನಲ್ಲಿ ತಾಯಿ ಕೊಕ್ಕರೆ ರೆಕ್ಕೆಯನ್ನೇ ಕೊಡೆಯಂತೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿಯುತ್ತದೆ. ಅದನ್ನು ನೋಡಲು ದುರ್ಬೀನೂ ಬೇಡ.