ಪ್ಲಾಸ್ಮಿಡ್ ಕಾಪಿ ಆಗೋದು ಹೇಗೆ?

ಪ್ರಶ್ನೆ: ಬ್ಯಾಕ್ಟೀರಿಯಾ ಒಳಗೆ ಪ್ಲಾಸ್ಮಿಡ್ ಹೇಗೆ ಕಾಪಿ ಆಗುತ್ತೆ, ಕ್ಲೋನಿಂಗ್‌ಗೆ (ಅಂದ್ರೆ ಒಂದು ಜೀನಿನ ತುಂಬಾ ಕಾಪಿ ಮಾಡೋದಕ್ಕೆ) ಅದನ್ನೇ ಯಾಕೆ ಬಳಸ್ತಾರೆ ಸರ್?

ಉತ್ತರ: ಪ್ಲಾಸ್ಮಿಡ್ ಅಂದ್ರೆ ಕ್ರೋಮೋಸೋಮ್‌ನಿಂದ ಬೇರೆಯಾಗಿರೋ ಪುಟ್ಟ ಡಿಎನ್‌ಎ, ಸಾಮಾನ್ಯವಾಗಿ ಉಂಗುರದ ಆಕಾರ. ಅದರಲ್ಲಿರೋ ‘ಓರಿ’ ಅನ್ನೋ ಜಾಗದಿಂದ ಕಾಪಿ ಶುರುವಾಗುತ್ತೆ, ಬೇಕಾದ ಕಿಣ್ವಗಳನ್ನ ಹೆಚ್ಚಾಗಿ ಬ್ಯಾಕ್ಟೀರಿಯಾನೇ ಕೊಡುತ್ತೆ. ನನಗೆ ತುಂಬಾ ಇಷ್ಟ ಆಗೋದು ಕಾಪಿ ಎಷ್ಟಿರಬೇಕು ಅನ್ನೋ ಲೆಕ್ಕ: ಪಿಬಿಆರ್322 ಅನ್ನೋ ಪ್ಲಾಸ್ಮಿಡ್‌ನಲ್ಲಿ ಒಂದು ಆರ್‌ಎನ್‌ಎ ಪ್ಲಾಸ್ಮಿಡ್‌ನ ಕಾಪಿ ಶುರು ಮಾಡಿಸುತ್ತೆ, ಇನ್ನೊಂದು ಚಿಕ್ಕ ಆರ್‌ಎನ್‌ಎ ಅದಕ್ಕೆ ಅಂಟಿಕೊಂಡು ತಡೆಯುತ್ತೆ, ಹಾಗಾಗಿ ಸೆಲ್‌ಗೆ ಸುಮಾರು 15-20 ಕಾಪಿಗೆ ನಿಲ್ಲುತ್ತೆ, ಪಿಯುಸಿ (pUC) ಅನ್ನೋ ಪ್ಲಾಸ್ಮಿಡ್‌ಗಳಲ್ಲಿ ಆ ತಡೆ ಸಡಿಲ, ನೂರಾರು ಆಗುತ್ವೆ. ಪ್ಲಾಸ್ಮಿಡನ್ನ ರೆಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸಿ ನಮ್ಮ ಜೀನನ್ನ ಲೈಗೇಸ್ ಅನ್ನೋ ಅಂಟಿಸೋ ಕಿಣ್ವದಿಂದ ಸೇರಿಸಿದ್ರೆ ಅದೂ ಜೊತೆಗೇ ಕಾಪಿ ಆಗುತ್ತೆ, 1973ರಲ್ಲಿ ವಿಜ್ಞಾನಿಗಳಾದ ಕೋಹೆನ್, ಬಾಯರ್ ತಂಡ ತೋರಿಸಿದ್ದು ಇದನ್ನೇ. ಇಂಥ ಪ್ಲಾಸ್ಮಿಡ್‌ನಲ್ಲಿ ಆಂಟಿಬಯೋಟಿಕ್ ತಡೆದುಕೊಳ್ಳೋ ಜೀನ್ ಇರುತ್ತೆ, ಹಾಗಾಗಿ ಆಂಟಿಬಯೋಟಿಕ್ ಹಾಕಿದ ಪ್ಲೇಟಲ್ಲಿ ಪ್ಲಾಸ್ಮಿಡ್ ಸಿಕ್ಕಿದ ಬ್ಯಾಕ್ಟೀರಿಯಾ ಮಾತ್ರ ಬೆಳೆಯುತ್ತೆ, ಆದ್ರೆ ನಮ್ಮ ಜೀನ್ ಸರಿಯಾಗಿ ಸೇರಿದ್ಯಾ ಅಂತ ಬೇರೆ ಚೆಕ್ ಮಾಡ್ಲೇಬೇಕು.